ಕಟ್ಟಡ ನೋಡಲಿಕ್ಕೆ ಬಂದವರು

ನಮ್ಮ ಕಡೆ ಉಡುಪಿಯವರು ಉಡುಪಿಯಲ್ಲಿ ಕುಡಿಯುವುದಿಲ್ಲ, ಕಾಪುವಿಗೆ ಹೋಗುತ್ತಾರೆ. ಕಾಪುವಿನವರು ಕಾರ್ಕಳಕ್ಕೆ ಹೋಗುತ್ತಾರೆ. ಗುರುತಿನವರ ಕಣ್ಣಿಗೆ ಬೀಳಬಾರದೆಂದು ಎಲ್ಲರೂ ಹೀಗೆ ಊರು ಬಿಡುವುದರಿಂದ ಎಲ್ಲರೂ ಎಲ್ಲರಿಗೂ ಸಿಗುತ್ತಲೇ ಇರುತ್ತಾರೆ. ಕಾಲೇಜು ಮೇಷ್ಟ್ರಾದ ನನಗಿದ್ದದ್ದು ಒಂದೇ ಆಸೆ. ಕಾರ್ಕಳದ ಹತ್ತಿರದ ಹಳೇ ಬಾರಿನಲ್ಲಿ ಅವರ ಕೆಂಪು ಪುನರ್ಪುಳಿ ಹಣ್ಣಿನ ಕಾಕ್‌ಟೈಲ್ ಒಂದನ್ನು ನೆಮ್ಮದಿಯಾಗಿ ಕುಡಿಯಬೇಕು. ಹಿಂದೆ ಯಾರೋ ವ್ಯಾಪಾರಿಯ ಮನೆಯಾಗಿದ್ದ ಕಟ್ಟಡ ಅದು. ಅದರ ಕರಿಕಲ್ಲಿನ ಕಂಬ, ತಲೆಯ ಮೇಲಿನ ಕೆತ್ತನೆಯ ಮರದ ಮುಚ್ಚಿಗೆ ನೋಡಲು ದೂರದಿಂದ ಜನ ಬರುತ್ತಾರೆ.

೧. ಕಂಬದ ಆಚೆ

ಮೊದಲ ಸಲ ಹೋಗಿ ಕುಳಿತು, ವೇಟರನಿಗೆ ಹೇಳಲು ಬಾಯಿ ತೆರೆದೆ. ಕಂಬದ ಆಚೆಯಿಂದ ಒಂದು ತಲೆ ಇಣುಕಿತು. ಉಡುಪಿಯ ಬನ್ನಂಜೆಯಲ್ಲಿ ನಮ್ಮ ಪಕ್ಕದ ಮನೆಯವರು!

"ಓ, ಮೇಷ್ಟ್ರು! ಎಂತ ಇಲ್ಲಿ?"

"ಕಟ್ಟಡ ನೋಡಲಿಕ್ಕೆ ಬಂದೆ. ನೀವು?"

"ನಾನೂ ಕಟ್ಟಡವೇ."

ಇಬ್ಬರೂ ಲೈಮ್ ಸೋಡಾ ತರಿಸಿಕೊಂಡು ಮುಚ್ಚಿಗೆ ನೋಡುತ್ತಾ ಕುಳಿತೆವು. ಅವರು ಎದ್ದು ಹೋಗಲೆಂದು ನಾನು, ನಾನು ಎದ್ದು ಹೋಗಲೆಂದು ಅವರು. ಕೊನೆಗೆ ಕುತ್ತಿಗೆ ಉಳುಕಿದ್ದಷ್ಟೇ ಲಾಭ.

೨. ನಿಜವಾಗಿ ನೋಡಿದವನು

ಮುಂದಿನ ಸಲ ನೆಪ ಗಟ್ಟಿಯಾಗಿರಲೆಂದು ಮಣಿಪಾಲದಲ್ಲಿ ವಾಸ್ತುಶಿಲ್ಪ ಕಲಿಸುವ ಗೆಳೆಯನನ್ನೇ ಕರೆದುಕೊಂಡು ಹೋದೆ. ಅವನು ಕುಳಿತುಕೊಳ್ಳಲೇ ಇಲ್ಲ. "ಮಾರಾಯ, ಈ ಜೋಡಣೆ ನೋಡು, ಒಂದು ಮೊಳೆ ಇಲ್ಲ!" ಎಂದು ಟೇಪು ತೆಗೆದು ಒಂದು ತುದಿ ನನ್ನ ಕೈಗೆ ಕೊಟ್ಟ. ಕಂಬ ಕಂಬಕ್ಕೂ ಅದನ್ನು ಹಿಡಿದು ನಿಂತೆ. ವೇಟರ್ ಕೇಳದೆಯೇ ಲೈಮ್ ಸೋಡಾ ತಂದಿಟ್ಟ. ಅಳತೆ ಮುಗಿದಾಗ, "ಒಂದೊಂದು ಕುಡಿಯುವನಾ?" ಎಂದೆ.

"ಇಂಥ ಕಟ್ಟಡದಲ್ಲಿ ಕುಡಿಯುವುದಾ? ನಿನಗೆ ನಾಚಿಕೆ ಇಲ್ವಾ?"

೩. ಕುಟುಂಬ ಸಮೇತ

ಅಷ್ಟರಲ್ಲಿ ನನ್ನ ಕಟ್ಟಡಪ್ರೇಮ ಊರೆಲ್ಲ ಹರಡಿತ್ತು. ಅಲ್ಲಿ ಮಧ್ಯಾಹ್ನ ಊಟವೂ ಉಂಟೆಂದು ತಿಳಿದ ಅತ್ತೆ, ಕಾಪು ಹತ್ತಿರದ ಎಲ್ಲೂರಿನಿಂದ ಮಾವನನ್ನೂ ಹೊರಡಿಸಿಕೊಂಡು ನಮ್ಮ ಮನೆಗೆ ಬಂದರು. ಹೆಂಡತಿಯೂ ಸೇರಿ ನಾಲ್ವರೂ ಹೊರಟೆವು. ಮಾವ ಕಾರಿನಲ್ಲಿ ಯಾಕೋ, "ಊಟ ಬೇರೆ ಕಡೆ ಮಾಡುವನಾ?" ಎಂದು ಎರಡು ಸಲ ಕೇಳಿದರು. ಒಳಗೆ ಹೆಂಡತಿಗೆ ಕಂಬಗಳನ್ನು ವಿವರಿಸಿ ವಿವರಿಸಿ ನನ್ನ ಗಂಟಲು ಒಣಗಿತು. ಆಗ ವೇಟರ್ ನಗುತ್ತಾ ಬಂದು, ಕೆಂಪು ಗ್ಲಾಸೊಂದನ್ನು ಮಾವನ ಮುಂದಿಟ್ಟ.

"ಯಜಮಾನರೇ, ನಿಮ್ಮ ಮಾಮೂಲಿ ಪುನರ್ಪುಳಿ."

ನಾನು ಆಸೆಪಟ್ಟ ಅದೇ ಕಾಕ್‌ಟೈಲ್! ನನಗೆ ಹೊಟ್ಟೆ ಉರಿಯಿತು. ಅತ್ತೆ ಮೂಸಿ ನೋಡಿ, "ಮಾಮೂಲಿಯಾ? ನೀವು ಇಲ್ಲಿಗೆ ಬರುವುದುಂಟಾ?" ಎಂದರು.

ಮಾವ ತಲೆ ತಗ್ಗಿಸಿ, "ನಾನೆಲ್ಲಿ ಬರುವುದು? ಕಟ್ಟಡ ತೋರಿಸುತ್ತೇನೆಂದು ಅಳಿಯಂದಿರೇ ಕರೆದುಕೊಂಡು ಬರುವುದು" ಎಂದುಬಿಟ್ಟರು.

ಹೆಂಡತಿ ನನ್ನನ್ನು ದುರುಗುಟ್ಟಿ ನೋಡಿದಳು. ಪಾಪ, ವೇಟರ್ ನನ್ನ ಪರವಾಗಿ ನಿಂತ. "ಇಲ್ಲಮ್ಮ, ಈ ಸಾರ್ ಯಾವಾಗಲೂ ಬರೀ ಲೈಮ್ ಸೋಡಾ ಕುಡಿಯುವುದು. ಕಟ್ಟಡ ನೋಡಲಿಕ್ಕೇ ಬರುವುದು."

ಅತ್ತೆ ಅವನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಇವನಿಗೂ ಹೇಳಿಕೊಟ್ಟು ಇಟ್ಟಿದ್ದೀರಾ ಅಳಿಯಂದಿರೇ?"