ಟೋಕನ್ ಬೋರ್ಡು ಮತ್ತು ಗೂಬೆಯಮ್ಮ

ರಜೆಗೆ ಹೋಗುವ ಮುನ್ನ ಎಲ್ಲ ಅಚ್ಚುಕಟ್ಟಾಗಿರಲಿ ಅನ್ನೋ ಒಳ್ಳೇ ಬುದ್ಧಿಯೇ ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುವ ಕಂಪ್ಯೂಟರಣ್ಣನಿಗೆ ಮುಳುವಾಯಿತು. ಬೆಳಿಗ್ಗೆ ಏಳಕ್ಕೇ ಬಂದು, ರೋಗಿಗಳ ವಿವರವೆಲ್ಲ ಇರುವ ಹಳೇ ಡೇಟಾಬೇಸ್ ತೆಗೆದು ಹೊಸದನ್ನು ಕೂರಿಸಿದ. ಎಂಟಕ್ಕೆ ನೋಡಿದರೆ, ಯಾವ ಡಾಕ್ಟರ ಕೋಣೆಗೆ ಯಾರು ಹೋಗಬೇಕೆಂದು ತೋರಿಸುವ ಟೋಕನ್ ಬೋರ್ಡು ಈಗಷ್ಟೇ ಸುಣ್ಣ ಬಳಿದ ಗೋಡೆಯ ಹಾಗೆ ಖಾಲಿ!

"ಬೋರ್ಡು ಸರಿಯಾಗೋ ತನಕ ರಜಾನೂ ಇಲ್ಲ, ಗಿಜಾನೂ ಇಲ್ಲ," ಎಂದರು ದೊಡ್ಡ ಡಾಕ್ಟರು. ಏಳು ವರ್ಷದ ಮೇಲೆ ಸಿಕ್ಕ ಹತ್ತು ದಿನ. ಸಂಜೆ ಆರರ ರೈಲಿಗೆ ಹೆಂಡತಿ ಆಗಲೇ ಸೂಟ್‌ಕೇಸು ತುಂಬಿಯಾಗಿತ್ತು.

"ಒಂದ್ಸಲ ಆಫ್ ಮಾಡಿ ಆನ್ ಮಾಡು ಮಾರಾಯಾ," ಎಂದ ಕಾಂಪೌಂಡರ್.

"ಮಾಡ್ದೆ."

"ಇನ್ನೊಂದ್ಸಲ ಮಾಡು. ಒಂದೇ ಡೋಸಿಗೆ ಯಾವ ಕಾಯಿಲೆ ಹೋಗುತ್ತೆ?"

ತೊಂದರೆ ಇಷ್ಟೇ. 'ಪ್ರತಿ ಡಾಕ್ಟರಿಗೂ ಒಬ್ಬ ರೋಗಿಯ ಹೆಸರು ಕೊಡು' ಅಂದರೆ ಹಳೇ ಡೇಟಾಬೇಸು ಕೈಗೆ ಸಿಕ್ಕ ಹೆಸರು ಕೊಟ್ಟು ಸುಮ್ಮನಾಗುತ್ತಿತ್ತು. ಪುಣ್ಯಕ್ಕೆ ಅದು ಸರಿಯಾದ ಹೆಸರೇ ಆಗಿರುತ್ತಿತ್ತು. ಹೊಸದು ಮಹಾ ಶಿಸ್ತಿನದು: 'ಯಾವ ರೋಗಿ? ಬಿಡಿಸಿ ಹೇಳಿ' ಎಂದು ಮುಖ ತಿರುಗಿಸಿ ಕೂತಿತು. ಗಾಬರಿಯಲ್ಲಿ ಇವನು 'ಪ್ರತಿ ಡಾಕ್ಟರಿಗೂ' ಅನ್ನೋದನ್ನೇ ಪ್ರಶ್ನೆಯಿಂದ ಕಿತ್ತುಹಾಕಿದ. ಬೋರ್ಡೇನೋ ಬೆಳಗಿತು, ಆದರೆ ಯಾರ ಹೆಸರೋ ಯಾವ ಕೋಣೆಗೋ! ಹಲ್ಲುನೋವಿನ ತಾತ ಹೆರಿಗೆ ಕೋಣೆಗೆ ಹೋದರು.

"ನಂಗೆ ಎಂಬತ್ತೆರಡು ಕಣಮ್ಮಾ!"

"ಬೋರ್ಡಲ್ಲಿ ನಿಮ್ಮ ಹೆಸರೇ ಇದೆ ತಾತ, ನಡೀರಿ ಒಳಗೆ," ಎಂದರು ನರ್ಸಮ್ಮ.

ಹನ್ನೊಂದಕ್ಕೆ ಕಂಪ್ಯೂಟರಣ್ಣ ಸೋತು ಗೂಬೆಯಮ್ಮನಿಗೆ ಬರೆದ. ಆಸ್ಪತ್ರೆಯ ಪ್ರೋಗ್ರಾಮಿನ ಪ್ರಶ್ನೆಯನ್ನು ಡೇಟಾಬೇಸಿಗೆ ತಿಳಿಯುವಂತೆ ಬರೆದುಕೊಡುವ ಓಪನ್ ಸೋರ್ಸ್ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು, ಒಂದಿತ್ತು. ಯಾರು ಬೇಕಾದರೂ ಬಿಟ್ಟಿ ಬಳಸಬಹುದು, ತೆರೆದು ತಿದ್ದಬಹುದು. ಅದನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದ ಮಹಾತಾಯಿ ಈಕೆ. ಮುಖ ಕಂಡವರಿಲ್ಲ, ಫೋಟೋ ಜಾಗದಲ್ಲಿ ಒಂದು ಗೂಬೆ.

ಹತ್ತೇ ನಿಮಿಷಕ್ಕೆ ಉತ್ತರ ಬಂತು: "ಗಾಬರಿ ಬೇಡಪ್ಪಾ. ಇಡೀ ಆಸ್ಪತ್ರೆನ ನನ್ನ ತಲೆ ಮೇಲೆ ಹಾಕ್ಬೇಡ. ಇಬ್ರು ಡಾಕ್ಟ್ರು, ಮೂರು ರೋಗಿ ಇಟ್ಕೊಂಡು ಅದೇ ತಪ್ಪು ಮಾಡಿ ತೋರ್ಸು."

ಮಾಡಿ ತೋರಿಸಿದ. ಅಷ್ಟು ಚಿಕ್ಕದಾದ ಮೇಲೆ ತಪ್ಪು ಬೋಳುತಲೆಯ ಮೇಲಿನ ನೊಣದಂತೆ ಎದ್ದು ಕಂಡಿತು! ಪ್ರೋಗ್ರಾಮು ಕೇಳುತ್ತಿದ್ದ 'ಅತಿ ಚಿಕ್ಕ ಟೋಕನ್ ನಂಬರಿನವರು' ಎಂಬ ಮಾತನ್ನು ಲೈಬ್ರರಿ ದಾರಿಯಲ್ಲೇ ನುಂಗುತ್ತಿತ್ತು. ತಾನು ಕಿತ್ತ ಮಾತನ್ನು ಪ್ರಶ್ನೆಗೆ ಮರಳಿಸಿ, ಲೈಬ್ರರಿಯ ಮೂರು ಸಾಲು ತಿದ್ದಿದ.

"ಭೇಷ್! ಈಗ ಹಳೇ ಡೇಟಾಬೇಸಲ್ಲೂ ಓಡ್ಸಿ ನೋಡು. ಅದನ್ನೇ ನೆಚ್ಚಿಕೊಂಡಿರೋರು ಸಾವಿರ ಜನ ಇದಾರೆ, ಅವರ ಕೆಲಸ ಕೆಡಬಾರ್ದು," ಎಂದು ಬರೆದಳು ಗೂಬೆಯಮ್ಮ.

ತನ್ನ ರೈಲಿನ ಚಿಂತೆಯಲ್ಲಿದ್ದವನಿಗೆ ನಾಚಿಕೆಯಾಯಿತು. ಕಾಣದ ಸಾವಿರ ಜನರ ಕಾಳಜಿ, ಅದೂ ಪುಕ್ಕಟೆ! ಹಳೆಯದರಲ್ಲೂ ಓಡಿಸಿದ, ಅಲ್ಲೊಂದು ಕೊಂಕು ಸಿಕ್ಕಿತು, ಅದನ್ನೂ ತಿದ್ದಿದ. ನಾಲ್ಕೂವರೆಗೆ ಬೋರ್ಡು ಸರಿಯಾಯಿತು, ತಾತನ ಹಲ್ಲೂ ಹೊರಬಂತು. ದೊಡ್ಡ ಡಾಕ್ಟರು ರಜಾ ಚೀಟಿಗೆ ಸಹಿ ಹಾಕಿದರು.

ಕಂಪ್ಯೂಟರಣ್ಣ ಕಣ್ಣು ತುಂಬಿ ಗೂಬೆಯಮ್ಮನಿಗೆ ಬರೆದ: "ನಿಮ್ಮ ಉಪಕಾರ ಮರೆಯಲ್ಲಮ್ಮಾ. ಏನು ಸಹಾಯ ಬೇಕಿದ್ರೂ ಹೇಳಿ, ಇಲ್ಲ ಅನ್ನಲ್ಲ."

ಉತ್ತರ ತಕ್ಷಣ ಬಂತು: "ಇಂಥೋನೊಬ್ಬ ಸಿಗ್ಲಿ ಅಂತ ಹನ್ನೊಂದು ವರ್ಷದಿಂದ ಕಾಯ್ತಿದ್ದೆ ಕಣಪ್ಪಾ. ಲೈಬ್ರರಿ ಜವಾಬ್ದಾರಿ ನಿನ್ನ ಹೆಸರಿಗೆ ಹಾಕಿದೀನಿ. ಹತ್ತೇ ದಿನ ನೋಡ್ಕೋ, ಮಗಳ ಮನೆಗೆ ಹೋಗ್ಬರ್ತೀನಿ."

ಅದರ ಹಿಂದೆಯೇ ಟಣ್ ಟಣ್ ಎಂದು ಲೈಬ್ರರಿ ಬಳಸುವವರ ನಾನೂರ ಹನ್ನೆರಡು ದೂರುಗಳು ಅವನ ಹೆಸರಿಗೆ ಬಂದು ಬಿದ್ದವು. ಫೋನೂ ಹೊಡೆದುಕೊಂಡಿತು.

"ರಜಾ ಸಿಕ್ತೇನ್ರೀ?" ಎಂದಳು ಹೆಂಡತಿ.

"ಸಿಕ್ತು ಕಣೇ," ಎಂದು ಅವನು ಮೊದಲನೇ ದೂರನ್ನು ತೆರೆದ. "ಗೂಬೆಯಮ್ಮಂಗೆ."