ತೂಕದಣ್ಣನ ಕುರ್ಚಿ

ಲಿವರ್ ಕತ್ತರಿಸುವ ಹೊಸ ಯಂತ್ರದ ಬೆಲೆಯಲ್ಲಿ ಮೂರು ಮನೆ ಕಟ್ಟಿಸಬಹುದಿತ್ತು. ಅದೇ ಕೆಲಸ ಮಾಡುವ ಹಿರಿಯ ಡಾಕ್ಟರ ಇಕ್ಕಳಕ್ಕೆ ಒಂದು ಜೊತೆ ಒಳ್ಳೆಯ ಚಪ್ಪಲಿಯ ಬೆಲೆ. ಆಪರೇಷನ್ನಿನಲ್ಲಿ ರಕ್ತ ಒರೆಸಿದ ಬಟ್ಟೆಗಳನ್ನು ತೂಗುವ ತಕ್ಕಡಿಗೆ ಎರಡು ಛತ್ರಿಯಷ್ಟು. ಆ ತಕ್ಕಡಿಯ ಮುಂದೆ ಹನ್ನೊಂದು ವರ್ಷದಿಂದ ತೂಕದಣ್ಣ ಕೂತಿದ್ದ ಮೂರು ಕಾಲಿನ ಸ್ಟೂಲಿಗೆ ಮಾತ್ರ ಬೆಲೆಯೇ ಇರಲಿಲ್ಲ. ಗುಜರಿಯವನೂ ಅದನ್ನು ಬೇಡವೆಂದು ಬಿಟ್ಟುಹೋಗಿದ್ದ.

ತೂಕದಣ್ಣನಿಗೆ ಉಳಿದಿದ್ದ ಆಸೆ ಒಂದೇ: ಬೆನ್ನು ಒರಗಿಸಿ ಕೂರುವಂಥ ಒಂದು ಕುರ್ಚಿ.

ಆ ಬೆಳಿಗ್ಗೆ ಅಕ್ಕಪಕ್ಕದ ಕೋಣೆಗಳಲ್ಲಿ ಇಬ್ಬರು ರೋಗಿಗಳ ಲಿವರಿನಿಂದ ಹೆಚ್ಚುಕಮ್ಮಿ ಒಂದೇ ಅಳತೆಯ ಗಡ್ಡೆ ತೆಗೆಯುವುದಿತ್ತು. ಹಿರಿಯ ಡಾಕ್ಟರು ಇಕ್ಕಳದಿಂದ ಲಿವರನ್ನು ಒತ್ತಿ ಪುಡಿಮಾಡಿ, ಉಳಿದ ನಾಳಗಳಿಗೆ ಗಂಟು ಹಾಕುವವರು. ಕಿರಿಯ ಡಾಕ್ಟರು, ಬಳಸಿ ನೋಡಿ ಆಮೇಲೆ ಕೊಂಡುಕೊಳ್ಳೋಣವೆಂದು ತರಿಸಿದ್ದ ಹೊಸ ಯಂತ್ರದ ಕಂಪನದಿಂದ ಲಿವರನ್ನು ಬಿಡಿಸುವವರು. ಯಾರ ರೋಗಿಗೆ ರಕ್ತ ಕಡಿಮೆ ಹೋಗುತ್ತದೋ ಅವರು ಗೆದ್ದಂತೆ. ತೀರ್ಪು ತಕ್ಕಡಿಯದು.

"ನೆಟ್ಟಗೆ ತೂಗಯ್ಯ. ನಾನು ಗೆದ್ರೆ ನಿನಗೊಂದು ಕುರ್ಚಿ," ಎಂದರು ಹಿರಿಯರು ಕೈ ತೊಳೆಯುತ್ತಾ.

"ನಾನು ಗೆದ್ರೆ ಗರಗರ ತಿರುಗೋ ಕುರ್ಚಿ, ಅಣ್ಣಾ!" ಎಂದರು ಕಿರಿಯರು.

ಯಾರು ಗೆದ್ದರೂ ಬೆನ್ನಿಗೆ ಸುಖವೇ ಎಂದು ತೂಕದಣ್ಣ ಒಳಗೊಳಗೇ ಹಿಗ್ಗಿದ.

ಮಧ್ಯಾಹ್ನದ ಹೊತ್ತಿಗೆ ಎರಡೂ ಆಪರೇಷನ್ ಸುಸೂತ್ರವಾಗಿ ಮುಗಿದವು. ಒಣ ಬಟ್ಟೆಯ ತೂಕ ಕಳೆದರೆ ಇಕ್ಕಳದ್ದು ನಾನೂರು ಗ್ರಾಂ, ಯಂತ್ರದ್ದು ಏಳುನೂರು!

"ನಮ್ಮ ಡಾಕ್ಟರ ಕೈ ಅಂದ್ರೆ ಕೈ!" ಎಂದು ಹಿರಿಯರ ಕಡೆಯ ನರ್ಸಮ್ಮ ಕುಣಿದಳು. ಕಿರಿಯರ ಮುಖ ಹಿಂಡಿದ ಬಟ್ಟೆಯಂತಾಯಿತು.

"ಕುರ್ಚಿ ಆಸೆಗೆ ತಕ್ಕಡಿ ಆ ಕಡೆ ವಾಲಿದೆ!" ಎಂದು ಕಿರಿಯರು ರೇಗಿದರು.

ಆ ಮಾತು ತೂಕದಣ್ಣನಿಗೆ ಸೂಜಿ ಚುಚ್ಚಿದಂತಾಯಿತು. ಐದೇ ನಿಮಿಷದಲ್ಲಿ ತೂಗುವ ಕೋಣೆ ಸಂತೆಯಾಯಿತು. ತಕ್ಕಡಿ ಸರಿಯಿದೆಯೇ ನೋಡಲು ಸ್ಟೋರಿನವನು ಒಡೆಯದ ಸಕ್ಕರೆ ಪೊಟ್ಟಣ ತಂದಿಟ್ಟ; ಸರಿಯಾಗಿ ಒಂದು ಕಿಲೋ ತೋರಿಸಿತು. "ಸಕ್ಕರೆಯವನೇ ಮೋಸ ಮಾಡಿದ್ರೆ?" ಎಂದರು ಯಾರೋ. ನರ್ಸಮ್ಮ ತನ್ನ ಊಟದ ಡಬ್ಬಿ ಇಟ್ಟಳು. ಅದು ಎಷ್ಟು ತೂಗಬೇಕೆಂದು ಅವಳಿಗೇ ಗೊತ್ತಿರಲಿಲ್ಲ.

ಆಸ್ಪತ್ರೆಯ ಮುಖ್ಯಸ್ಥೆ ಬಾಗಿಲಲ್ಲಿ ನಿಂತರು. "ಮೂರು ಗಂಟೆಗೆ ಮೀಟಿಂಗು. ಅಷ್ಟರಲ್ಲಿ ಇದು ಬಗೆಹರೀಲಿಲ್ಲ ಅಂದ್ರೆ ನಾಳೆಯಿಂದ ನೀವು ಲಾಂಡ್ರಿಗೆ," ಎಂದರು ತೂಕದಣ್ಣನಿಗೆ.

ಲಾಂಡ್ರಿಯಲ್ಲಿ ಕೂರಲು ಸ್ಟೂಲೂ ಇಲ್ಲ. ತೂಕದಣ್ಣ ಎಲ್ಲರನ್ನೂ ಹೊರಗಟ್ಟಿ, ಕೈಗವಸು ತೊಟ್ಟು ಬಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದ. ಆಮೇಲೆ ಎರಡು ಬಾಟಲಿ ಹುಡುಕಿ ತಂದು ತೂಗಿದ.

ಮೂರು ಗಂಟೆಗೆ ಟ್ರೇ ಹಿಡಿದು ಮೀಟಿಂಗಿಗೆ ನಡೆದ.

"ಅಮ್ಮಾ, ಇಲ್ಲಿಗೆ ಬರೋ ಮುಂಚೆ ನಾನು ಡೈರೀಲಿ ಹಾಲು ಅಳೀತಿದ್ದೋನು. ನೀರು ಬಿದ್ದಿದ್ದನ್ನ ಹತ್ತು ಮಾರು ದೂರದಿಂದ್ಲೇ ಹೇಳ್ತೀನಿ. ಇಕ್ಕಳದ ಬಟ್ಟೆ ನೋಡಿ, ಕಡುಗೆಂಪು. ಯಂತ್ರದ್ದು ನೋಡಿ, ತಿಳಿಗೆಂಪು. ಇದಕ್ಕೆ ನೀರು ಬಿದ್ದಿದೆ!"

"ಯಂತ್ರದ ತುದಿ ಬಿಸಿಯಾಗಬಾರದು ಅಂತ ಸಲೈನ್ ನೀರು ಹರಿಸ್ತೀವಿ..." ಎನ್ನುತ್ತಲೇ ಕಿರಿಯರು ಹಣೆ ಚಚ್ಚಿಕೊಂಡರು.

"ಅದನ್ನೂ ಬಟ್ಟೆ ಕುಡಿದಿದೆ ಸ್ವಾಮಿ. ತುಂಬಿದ ಬಾಟಲಿಗಿಂತ ನಿಮ್ಮ ಬಾಟಲಿ ಮುನ್ನೂರು ಗ್ರಾಂ ಕಡಿಮೆ. ಏಳುನೂರರಲ್ಲಿ ಮುನ್ನೂರು ಕಳೀರಿ."

ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ! ಹಿರಿಯರು ಬೆನ್ನು ತಟ್ಟಿದರು. ಕಿರಿಯರು ಎಲ್ಲರೆದುರೇ "ತಪ್ಪಾಯ್ತಣ್ಣ" ಎಂದು ಕೈ ಹಿಡಿದುಕೊಂಡರು. ಸ್ಟೋರಿನವನು ತಾನೂ ಮೊದಲೇ ಹೇಳಿದ್ದೆನೆಂದ. ತೂಕದಣ್ಣ ಯುದ್ಧ ಗೆದ್ದ ಸೇನಾಪತಿಯಂತೆ ಎದೆಯುಬ್ಬಿಸಿ ಕೇಳಿದ:

"ಹಾಗಾದ್ರೆ... ಕುರ್ಚಿ?"

ಡಾಕ್ಟರಿಬ್ಬರೂ ಮುಖ ಮುಖ ನೋಡಿಕೊಂಡರು.

"ನಾನು ಗೆದ್ರೆ ಅಂದಿದ್ದೆ," ಎಂದರು ಹಿರಿಯರು.

"ನಾನೂ ಅಷ್ಟೇ," ಎಂದರು ಕಿರಿಯರು. "ಈಗ ಇಬ್ಬರೂ ಸಮ."

"ಒಂದೊಂದು ರೋಗಿ ನೋಡಿ ತೀರ್ಮಾನ ಆಗಲ್ಲ," ಎಂದರು ಮುಖ್ಯಸ್ಥೆ. "ಇಬ್ಬರೂ ನೂರು ನೂರು ಮಾಡಿ. ಬಟ್ಟೆ, ಬಾಟಲಿ ಎರಡನ್ನೂ ಇವರೇ ತೂಗಲಿ. ಇಂಥ ಕಣ್ಣು ಇನ್ಯಾರಿಗಿದೆ? ಬಾಟಲಿಗೆ ಇವತ್ತೇ ಬೇರೆ ತಕ್ಕಡಿ ಕೊಡಿ."

ಸಂಜೆ ಸ್ಟೋರಿನವನು ಹೊಸ ತಕ್ಕಡಿ ತಂದ. ಮೇಜಿನ ಮೇಲೆ ಅಂಗೈಯಗಲ ಜಾಗವಿರಲಿಲ್ಲ. ಅವನು ಸುತ್ತ ಕಣ್ಣಾಡಿಸಿ, "ಸ್ವಲ್ಪ ಏಳಣ್ಣ," ಎಂದ. ತೂಕದಣ್ಣ ಎದ್ದ.

"ಮೂರು ಕಾಲಿಂದು ನೋಡು, ಎಲ್ಲಿಟ್ರೂ ಅಲ್ಲಾಡಲ್ಲ. ತಕ್ಕಡಿಗೆ ಹೇಳಿ ಮಾಡಿಸಿದ ಹಾಗಿದೆ!"

ಆ ದಿನ ತೂಕದಣ್ಣನಿಗೆ ಬಂದದ್ದು ಒಂದು ಹೊಸ ತಕ್ಕಡಿ ಮತ್ತು ಎರಡರಷ್ಟು ಕೆಲಸ. ಹೋದದ್ದು ಸ್ಟೂಲು.