ಆಕಾಶದ ಇಲಿಗೊಂದು ಸೀನು

ಇಡೀ ರಾದ್ಧಾಂತಕ್ಕೆ ಕಾರಣ ಒಂದೇ ಒಂದು ಸೀನು. ಸೀನಿದವನು ಪ್ರಯೋಗಾಲಯದ ಇಲಿಗಳನ್ನು ನೋಡಿಕೊಳ್ಳುವ ಇಲಿಯಣ್ಣ. ಎದುರಿಗಿದ್ದವು ಒಂದು ತಿಂಗಳು ಅಂತರಿಕ್ಷದಲ್ಲಿ ತೇಲಾಡಿ ಮೊನ್ನೆಯಷ್ಟೇ ಭೂಮಿಗಿಳಿದ ಹತ್ತು ಇಲಿಗಳು. ಅಷ್ಟು ಮೇಲೆ ಹೋಗಿ ಬಂದ ಪ್ರಾಣಿಗೆ ರೋಗ ತಡೆಯುವ ಶಕ್ತಿ ಎಷ್ಟು ಕುಂದುತ್ತದೆಂದು ಅಳೆಯುವುದು ಡಾಕ್ಟರಮ್ಮನ ಕೆಲಸ. ಇವನ ಮಾಸ್ಕ್ ತುಸು ಜಾರಿದ ಗಳಿಗೆಯಲ್ಲೇ ಸೀನು ಕುಕ್ಕರಿನ ಸೀಟಿಯಂತೆ ಹೊರಟಿತ್ತು.

ಬೈಗುಳ ಬೀಳುತ್ತದೆಂದು ತಲೆ ತಗ್ಗಿಸಿ ನಿಂತ. ಬಿದ್ದದ್ದು ಅದಕ್ಕಿಂತ ಕೆಟ್ಟದ್ದು, ನಿಯಮ. ಹೋಲಿಸಿ ನೋಡಲೆಂದು ಎದುರು ಕೋಣೆಯಲ್ಲಿ ಎಲ್ಲಿಗೂ ಹೋಗದ ಹತ್ತು ಇಲಿಗಳಿದ್ದವು. ಹೋಗಿ ಬಂದವಕ್ಕೆ ಆದದ್ದೆಲ್ಲ ಇವಕ್ಕೂ ಆಗಬೇಕು. ಅವು ರಾಕೆಟ್ಟಿನಲ್ಲಿ ಕುಲುಕಿದಷ್ಟು ಹೊತ್ತು ಇಲಿಯಣ್ಣನೇ ಇವುಗಳ ಪಂಜರ ಹಿಡಿದು ಕುಲುಕಿದ್ದ.

"ಅವುಗಳ ಮುಂದೆ ಸೀನಿದ್ರಲ್ಲ, ಇವುಗಳ ಮುಂದೂ ಸೀನಿ. ಆಮೇಲೆ ಮನೆಗೆ ಹೋಗಿ," ಎಂದರು ಡಾಕ್ಟರಮ್ಮ.

ಕರೆಯದೆ ಬಂದ ನೆಂಟ ಕರೆದರೆ ಬರುತ್ತಾನೆಯೇ? ಸೀನು ಬರಲೇ ಇಲ್ಲ.

ಐದು ಗಂಟೆಗೆ ಅವನ ಮಗಳು ಶಾಲೆಯ ವೇದಿಕೆಯಲ್ಲಿ ಪದ್ಯ ಹೇಳುವವಳಿದ್ದಳು. ಹಿಂದಿನೆರಡು ವರ್ಷವೂ ಅಪ್ಪನಿಗಾಗಿ ಬಾಗಿಲು ನೋಡುತ್ತ ನೋಡುತ್ತ ನಡುವೆಯೇ ಸಾಲು ಮರೆತಿದ್ದಳು. ಇವತ್ತು ಬೆಳಿಗ್ಗೆ ಖಡಾಖಂಡಿತವಾಗಿ ಹೇಳಿದ್ದಳು: "ಅಪ್ಪಾ, ನೀನು ಬಂದು ಕೂತ್ಮೇಲೇ ನಾನು ಬಾಯಿ ತೆರೆಯೋದು."

ಸುದ್ದಿ ಹಬ್ಬಿ ಸಲಹೆಗಾರರು ನೆರೆದರು. ಪುಡಿಗಿಡಿ ಏನಿದ್ದರೂ ಬಾಗಿಲಾಚೆ ಎಂದು ಡಾಕ್ಟರಮ್ಮ ಗೆರೆ ಎಳೆದರು. ಅಡುಗೆಯವನು ಮೆಣಸಿನ ಪುಡಿ ತಂದ, ಕಣ್ಣೀರು ಬಂತು. ಕಾವಲುಗಾರ ನಶ್ಯ ಕೊಟ್ಟ, ಬಿಕ್ಕಳಿಕೆ ಬಂತು. ಸೂರ್ಯನನ್ನು ನೋಡೆಂದು ಗುಮಾಸ್ತ ಅಂಗಳಕ್ಕೆ ಎಳೆದೊಯ್ದ. ಸೀನು ಮೂಗಿನ ತುದಿಗೇ ಬಂತು. ಇಲಿಯಣ್ಣ ತುಂಬಿದ ಕೊಡ ಹೊತ್ತವನಂತೆ ಓಡಿಬಂದ. ಹೊಸ್ತಿಲಲ್ಲಿ ಅದು ಮಾಯವಾಯಿತು.

"ಒಂದು ಸೀನೋಕೂ ಬರಲ್ವೇನಯ್ಯಾ ನಿಂಗೆ? ನಮ್ಮನೇಲಿ ಎರಡು ವರ್ಷದ ಕೂಸು ಸೀನುತ್ತೆ," ಎಂದ ಗುಮಾಸ್ತ.

ನಾಲ್ಕೂವರೆ. ಇಲಿಯಣ್ಣ ಆಗಿನಂತೆಯೇ ಮಾಸ್ಕ್ ತುಸು ಜಾರಿಸಿ, ಪಂಜರಕ್ಕೆ ಹಣೆಯಿಟ್ಟು ಕಣ್ಣು ಮುಚ್ಚಿದ. ದೇವರೇ, ನಿನ್ನಲ್ಲಿ ಹೊನ್ನು ಬೇಡಲಿಲ್ಲ, ಮಣ್ಣು ಬೇಡಲಿಲ್ಲ. ಒಂದು ಸೀನು ಕೊಡು.

ದೇವರು ಕೇಳಿಸಿಕೊಂಡ, ಅವನದು ಧಾರಾಳದ ಕೈ. ಮೂಗಿನ ಬುಡದಲ್ಲಿ ಇರುವೆ ಹರಿದಂತಾಯಿತು, ಎದೆ ಉಬ್ಬಿತು, ಗೋಡೆ ನಡುಗುವಂಥ ಸೀನು ಬಂತು. ಅದರ ಬೆನ್ನಿಗೇ ಇನ್ನೊಂದು. ಮತ್ತೊಂದು.

ಹೊರಗೆ ಚಪ್ಪಾಳೆ. ಇಲಿಯಣ್ಣ ಮಾಸ್ಕ್ ಕಿತ್ತು, ಚಪ್ಪಲಿಗೆ ಕಾಲು ತೂರಿಸಿ ಹೊರಟೇಬಿಟ್ಟ. ಡಾಕ್ಟರಮ್ಮ ಬರೆಯುತ್ತಿದ್ದ ಪುಸ್ತಕದಿಂದ ತಲೆಯೆತ್ತದೆಯೇ ಬಾಗಿಲಿಗೆ ಕೈ ಅಡ್ಡ ಇಟ್ಟರು.

"ಅಲ್ಲಿ ಒಂದು, ಇಲ್ಲಿ ಮೂರು. ನಡೀರಿ, ಆ ಕೋಣೇಲಿ ಇನ್ನೂ ಎರಡಾಗ್ಬೇಕು. ಎಣಿಸ್ಕೊಂಡು ಸೀನಿ. ಒಂದು ಹೆಚ್ಚಾಯ್ತೋ, ಮತ್ತೆ ಈ ಕಡೆಗೇ ಬರ್ಬೇಕಾಗುತ್ತೆ."